ಬಾಣ ಎಲ್ಲಿಂದ ಹೊರಡುತ್ತೆ? ಮೂರನೇ ಸೆಮ್‌ನಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಓದುವವರಿಗೆ

ಮೂರನೇ ಸೆಮಿಸ್ಟರ್‌ಗೆ ಕಾಲಿಡುತ್ತಿರುವ ಕೆಮಿಕಲ್ ಮತ್ತು ಬಯೋಟೆಕ್ ಗೆಳೆಯರೇ, ಟೈಮ್‌ಟೇಬಲ್ ಕೈಗೆ ಬಂದ ಕೂಡಲೇ ಹಾಸ್ಟೆಲ್‌ನಲ್ಲಿ ಯಾರನ್ನಾದರೂ ಹಿಡಿದು "ಆರ್ಗ್ಯಾನಿಕ್ ಹೆಂಗಿರುತ್ತೆ?" ಅಂತ ಕೇಳಿರುತ್ತೀರಿ. ಸಿಕ್ಕಿರುವ ಉತ್ತರವನ್ನೂ ನಾವು ಊಹಿಸಬಲ್ಲೆವು: "ಎಲ್ಲಾ ಬಾಯಿಪಾಠ ಮಗಾ, ಎಕ್ಸಾಮ್ ಹಿಂದಿನ ವಾರ ಕೂತ್ರೆ ಆಗೋಗುತ್ತೆ." ಕ್ಯಾಂಪಸ್ಸಿನಲ್ಲಿ ಪುಕ್ಕಟೆಯಾಗಿ ಸಿಗುವ ಸಲಹೆಗಳಲ್ಲಿ ಇದರಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಮಾತು ನಂಬಿದವರಲ್ಲಿ ಕೆಲವರು ಪಾಸಾಗುತ್ತಾರೆ, ಅದು ನಿಜ. ಆದರೆ ಐದನೇ ಸೆಮ್‌ನಲ್ಲಿ ರಿಯಾಕ್ಷನ್ ಎಂಜಿನಿಯರಿಂಗ್ ಬಂದಾಗಲೋ, ಬಯೋಕೆಮಿಸ್ಟ್ರಿಯಲ್ಲಿ ಎಂಜೈಮ್ ಬಂದಾಗಲೋ ಅವರ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಅದಕ್ಕೇ ಈ ಲೇಖನ. ಕೋರ್ಸು ನಿಮ್ಮಿಂದ ಏನು ನಿರೀಕ್ಷಿಸುತ್ತೆ, ಅದಕ್ಕೆ ಹೇಗೆ ಓದಬೇಕು ಅಂತ ಹೇಳುವುದಷ್ಟೇ ಇಲ್ಲಿಯ ಉದ್ದೇಶ.

ಬಾಯಿಪಾಠದ ನಂಬಿಕೆ ಎಲ್ಲಿಂದ ಬಂತು ಅನ್ನೋದು ಗುಟ್ಟೇನಲ್ಲ. ಸಿಇಟಿ ಕೆಮಿಸ್ಟ್ರಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂಕಾಲು ನಿಮಿಷಕ್ಕಿಂತ ಚೂರು ಜಾಸ್ತಿ. ನಾಲ್ಕು ಉತ್ತರಗಳೂ ಕಣ್ಣೆದುರಿಗೇ ಇರುತ್ತವೆ, ಸರಿಯಾದದ್ದನ್ನು ಗುರುತು ಹಿಡಿದರೆ ಸಾಕು. ರೀಮರ್-ಟೀಮನ್ ಅಂದರೆ ಕ್ಲೋರೊಫಾರ್ಮ್, ಕ್ಯಾನಿಜಾರೊ ಅಂದರೆ ಆಲ್ಫಾ ಹೈಡ್ರೋಜನ್ ಇಲ್ಲದ ಆಲ್ಡಿಹೈಡ್, ಹೀಗೆ ಹೆಸರು ಕೇಳಿದ ತಕ್ಷಣ ಜೋಡಿ ನೆನಪಾಗುವಂತೆ ಎರಡು ವರ್ಷ ತರಬೇತಿ ಪಡೆದಿದ್ದೇವೆ. ಆ ಪರೀಕ್ಷೆಗೆ ಅದು ತಪ್ಪಲ್ಲ. ಇಲ್ಲಿನ ಪರೀಕ್ಷೆ ಬೇರೆ. ಇಲ್ಲಿ ಖಾಲಿ ಹಾಳೆ ಕೊಟ್ಟು "ಉತ್ಪನ್ನ ಏನು, ಯಾಕೆ ಅದೇ, ಮೆಕ್ಯಾನಿಸಮ್ ಬರೆಯಿರಿ" ಅಂತ ಕೇಳುತ್ತಾರೆ. ಕೊಡುವ ಅಣು ನೀವು ನೋಟ್ಸಿನಲ್ಲಿ ನೋಡಿದ್ದೇ ಆಗಿರಬೇಕೆಂದಿಲ್ಲ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಆಲ್ಕೀನ್, ಆಲ್ಕೊಹಾಲ್, ಆಲ್ಡಿಹೈಡ್, ಆಸಿಡ್, ಅಮೀನ್ ಅಂತ ಒಂದು 20 ಫಂಕ್ಷನಲ್ ಗ್ರೂಪ್ ಇಟ್ಟುಕೊಳ್ಳೋಣ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ 20 ಗುಣಿಸು 19, ಅಂದರೆ 380. ಎಲ್ಲ ದಾರಿಗಳೂ ಸಿಲಬಸ್ಸಿನಲ್ಲಿ ಇರಲ್ಲ ಅಂದುಕೊಂಡರೂ, ಉಳಿದದ್ದಕ್ಕೆ ಕ್ಯಾಟಲಿಸ್ಟು, ದ್ರಾವಕ, ಉಷ್ಣಾಂಶ ಅಂತ ಬಾಲ ಅಂಟಿಕೊಳ್ಳುತ್ತೆ. ಇಷ್ಟನ್ನು ಫೋನ್ ಡೈರೆಕ್ಟರಿ ಥರ ತಲೆಗೆ ತುಂಬಿಕೊಳ್ಳುವುದು ಆಗದ ಮಾತು. ಆದರೆ ಈ 380ರ ಹಿಂದೆ ನಡೆಯುವ ಕೆಲಸಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು: ಎಲೆಕ್ಟ್ರಾನ್ ಹೆಚ್ಚಿರುವವನು ಕೊರತೆ ಇರುವವನ ಮೇಲೆ ಬೀಳುವುದು, ಪ್ರೋಟಾನ್ ಒಬ್ಬರಿಂದ ಒಬ್ಬರಿಗೆ ದಾಟುವುದು, ಯಾವುದೋ ಗುಂಪು ಎಲೆಕ್ಟ್ರಾನ್ ಜೋಡಿಯನ್ನು ಹೊತ್ತುಕೊಂಡು ಬಿಟ್ಟುಹೋಗುವುದು, ಅಸ್ಥಿರ ಕಾರ್ಬೊಕ್ಯಾಟಯಾನ್ ತನ್ನೊಳಗೇ ಜಾಗ ಬದಲಿಸಿಕೊಳ್ಳುವುದು. ಮೊದಲ ವರ್ಷದ ಆರ್ಗ್ಯಾನಿಕ್‌ನ ಬಹುಪಾಲು ಈ ನಾಲ್ಕರ ಜೋಡಣೆಯೇ.

ಬಾಗಿದ ಬಾಣ

ಈ ನಾಲ್ಕೂ ಕೆಲಸಗಳನ್ನು ಬರೆಯುವ ಲಿಪಿಯೇ ಬಾಗಿದ ಬಾಣ. 1922ರಲ್ಲಿ ಬ್ರಿಟನ್ನಿನ ವಿಲಿಯಂ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ಇದನ್ನು ಮೊದಲು ಬಳಸಿದರು. ರಾಬಿನ್ಸನ್‌ಗೆ 1947ರಲ್ಲಿ ನೊಬೆಲ್ ಬಂತು, ಅದು ಬೇರೆ ಕೆಲಸಕ್ಕೆ. ಆದರೆ ಪ್ರಪಂಚದ ಪ್ರತಿ ಕೆಮಿಸ್ಟ್ರಿ ವಿದ್ಯಾರ್ಥಿಯ ಪುಸ್ತಕದಲ್ಲಿ ಇವತ್ತಿಗೂ ಉಳಿದಿರುವುದು ಆ ಬಾಣವೇ.

ಬಾಣದ ವ್ಯಾಕರಣ ತುಂಬಾ ಚಿಕ್ಕದು. ಅದು ಎಲೆಕ್ಟ್ರಾನ್ ಜೋಡಿ ಇರುವ ಕಡೆಯಿಂದ ಹೊರಡುತ್ತೆ, ಜೋಡಿ ಹೋಗಿ ಸೇರುವ ಕಡೆ ಮುಗಿಯುತ್ತೆ. ಹೊರಡುವ ಜಾಗ ಒಂದೋ ಒಂಟಿ ಜೋಡಿ, ಇಲ್ಲವೋ ಬಂಧ. ಅಷ್ಟೇ. ಅಣು ಎಲ್ಲಿಗೆ ಹೋಯಿತು ಅಂತ ತೋರಿಸೋದು ಬಾಣದ ಕೆಲಸ ಅಲ್ಲ, ಎಲೆಕ್ಟ್ರಾನ್ ಎಲ್ಲಿಗೆ ಹೋಯಿತು ಅಂತ ತೋರಿಸೋದು. ಆದ್ದರಿಂದ ಪ್ರೋಟಾನ್‌ನಿಂದ ಬಾಣ ಹೊರಡಿಸುವುದು ಖಾಲಿ ಕೊಡದಿಂದ ನೀರು ಬಗ್ಗಿಸಿದ ಹಾಗೆ, ಅದರ ಹತ್ತಿರ ಕೊಡಲು ಎಲೆಕ್ಟ್ರಾನೇ ಇಲ್ಲ. ಕಾರ್ಬನ್‌ಗೆ ಐದನೇ ಬಂಧ ಬಂದರೆ ಎಲ್ಲೋ ಒಂದು ಬಾಣ ಬಿಟ್ಟುಹೋಗಿದೆ ಅಂತ ಅರ್ಥ. ಹೊಸ ಬಂಧ ಬರುವಾಗ ಹಳೆಯದೊಂದು ಹೋಗಲೇಬೇಕು. ಪ್ರತಿ ಹೆಜ್ಜೆಯಲ್ಲೂ ಒಟ್ಟು ಚಾರ್ಜ್ ಎರಡೂ ಕಡೆ ಸಮ ಇರಬೇಕು. ಉತ್ತರ ಪತ್ರಿಕೆಯಲ್ಲಿ ಮಾರ್ಕ್ಸ್ ಹೋಗುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ, ಕಷ್ಟದ ರಿಯಾಕ್ಷನ್‌ಗಳಲ್ಲಿ ಅಲ್ಲ.

ಮಾರ್ಕೊವ್ನಿಕೊವ್ ನಿಯಮ ಎಲ್ಲರಿಗೂ ಗೊತ್ತು. ಯಾವ ಕಾರ್ಬನ್ ಹತ್ತಿರ ಹೈಡ್ರೋಜನ್ ಜಾಸ್ತಿ ಇದೆಯೋ ಅದಕ್ಕೇ ಇನ್ನೊಂದು ಹೈಡ್ರೋಜನ್, ಉಳ್ಳವನಿಗೇ ಮತ್ತಷ್ಟು ಅನ್ನೋ ಥರ. ರಷ್ಯಾದ ವ್ಲಾದಿಮಿರ್ ಮಾರ್ಕೊವ್ನಿಕೊವ್ ಇದನ್ನು ಪ್ರಕಟಿಸಿದ್ದು 1870ರಲ್ಲಿ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದದ್ದು 1897ರಲ್ಲಿ. ಅಂದರೆ ಕಾರಣ ಗೊತ್ತಾಗುವುದಕ್ಕೆ ಸಾಧ್ಯವೇ ಇಲ್ಲದ ಕಾಲದಲ್ಲಿ, ಪ್ರಯೋಗ ನೋಡಿ ನೋಡಿ ಬರೆದ ನಿಯಮ ಅದು. ಅವರಿಗೆ ಬೇರೆ ದಾರಿ ಇರಲಿಲ್ಲ, ನಮಗಿದೆ.

ಈಗ 3-ಮೀಥೈಲ್-1-ಬ್ಯೂಟೀನ್‌ಗೆ ಹೈಡ್ರೋಜನ್ ಕ್ಲೋರೈಡ್ ಸೇರಿಸಿ. ನಿಯಮ ಬಾಯಿಪಾಠ ಮಾಡಿದವರು 2-ಕ್ಲೋರೊ-3-ಮೀಥೈಲ್‌ಬ್ಯೂಟೇನ್ ಅಂತ ಬರೆದು ಪೆನ್ ಕೆಳಗಿಡುತ್ತಾರೆ. ಫ್ಲಾಸ್ಕಿನಲ್ಲಿ ಅದರ ಜೊತೆ 2-ಕ್ಲೋರೊ-2-ಮೀಥೈಲ್‌ಬ್ಯೂಟೇನ್ ಕೂಡ ಸಿಗುತ್ತೆ. ಯಾಕೆ? ಬಾಣ ಬರೆಯಿರಿ. ಡಬಲ್ ಬಾಂಡ್‌ನ ಎಲೆಕ್ಟ್ರಾನ್ ಜೋಡಿ ಹೊರಟು ಹೈಡ್ರೋಜನ್ನನ್ನು ಹಿಡಿಯುತ್ತೆ. ಎರಡನೇ ಕಾರ್ಬನ್ ಮೇಲೆ ಪ್ಲಸ್ ಚಾರ್ಜ್ ಉಳಿಯುತ್ತೆ, ಅದು ಸೆಕೆಂಡರಿ ಕಾರ್ಬೊಕ್ಯಾಟಯಾನ್. ಪಕ್ಕದ ಮೂರನೇ ಕಾರ್ಬನ್ ಮೇಲೆ ಒಂದೇ ಒಂದು ಹೈಡ್ರೋಜನ್ ಇದೆ. ಅದು ತನ್ನ ಬಂಧದ ಎಲೆಕ್ಟ್ರಾನ್ ಜೋಡಿಯನ್ನು ಕಟ್ಟಿಕೊಂಡು ಎರಡನೆಯದಕ್ಕೆ ಜಿಗಿದರೆ ಚಾರ್ಜ್ ಮೂರನೆಯದಕ್ಕೆ ಹೋಗಿ ಟರ್ಷರಿ ಆಗುತ್ತೆ, ಅದು ಇನ್ನೂ ಸ್ಥಿರ. ಕೆಲವು ಅಣುಗಳು ಜಿಗಿಯುವ ಮೊದಲೇ ಕ್ಲೋರೈಡ್ ಬಂದು ಕೂರುತ್ತೆ, ಕೆಲವು ಜಿಗಿದ ಮೇಲೆ. ಹಾಗಾಗಿ ಎರಡೂ. ಇಲ್ಲಿ ನೆನಪಿಟ್ಟುಕೊಳ್ಳಬೇಕಾಗಿದ್ದು ಟರ್ಷರಿ ಹೆಚ್ಚು ಸ್ಥಿರ ಅನ್ನೋ ಒಂದೇ ಮಾತು. ಉಳಿದದ್ದು ತಾನಾಗಿ ಬಂತು.

ಒಂದೇ ಬಾಣ, ಮೂರು ಕಡೆ

"ಇಷ್ಟೆಲ್ಲಾ ನಮಗ್ಯಾಕೆ, ನಾವೇನು ಎಂಎಸ್ಸಿ ಮಾಡ್ತಿದೀವಾ?" ಅನ್ನುವವರಿಗೆ ಒಂದು ಗುಂಪನ್ನು ತೋರಿಸಬೇಕು: ಐಸೊಸೈನೇಟ್. ನೈಟ್ರೋಜನ್, ಕಾರ್ಬನ್, ಆಕ್ಸಿಜನ್ ಮೂರೂ ಸಾಲಾಗಿ ಎರಡು ಡಬಲ್ ಬಾಂಡ್‌ಗಳಿಂದ ಕೈ ಹಿಡಿದುಕೊಂಡಿರುತ್ತವೆ. ನಡುವಿನ ಕಾರ್ಬನ್ನಿನ ಪಾಡು ನೋಡಿ. ಒಂದು ಕಡೆ ನೈಟ್ರೋಜನ್ ಎಳೆಯುತ್ತೆ, ಇನ್ನೊಂದು ಕಡೆ ಆಕ್ಸಿಜನ್ ಎಳೆಯುತ್ತೆ. ಇಬ್ಬರೂ ಅದರ ಎಲೆಕ್ಟ್ರಾನನ್ನು ತಮ್ಮತ್ತ ಬಾಚಿಕೊಳ್ಳುವವರೇ. ಹೀಗಾಗಿ ಆ ಕಾರ್ಬನ್ ಸದಾ ಹಸಿದಿರುತ್ತೆ. ಒಂಟಿ ಜೋಡಿ ಇರುವ ಯಾರೇ ಹತ್ತಿರ ಬಂದರೂ ಬಾಣ ಬೀಳುವುದು ಅದರ ಮೇಲೆ.

ನೀರನ್ನು ಹತ್ತಿರ ತನ್ನಿ. ನೀರಿನ ಆಕ್ಸಿಜನ್‌ನ ಒಂಟಿ ಜೋಡಿಯಿಂದ ಮೊದಲ ಬಾಣ ಕಾರ್ಬನ್‌ಗೆ. ಕಾರ್ಬನ್‌ಗೆ ಐದು ಬಂಧ ಆಗಬಾರದಲ್ಲ, ಹಾಗಾಗಿ ಎರಡನೇ ಬಾಣ ಕಾರ್ಬನ್-ನೈಟ್ರೋಜನ್ ಡಬಲ್ ಬಾಂಡ್‌ನಿಂದ ನೈಟ್ರೋಜನ್ ಮೇಲಕ್ಕೆ. ಪ್ರೋಟಾನ್ ಆಕ್ಸಿಜನ್‌ನಿಂದ ನೈಟ್ರೋಜನ್‌ಗೆ ದಾಟುತ್ತೆ. ಸಿಕ್ಕಿದ್ದು ಕಾರ್ಬಾಮಿಕ್ ಆಸಿಡ್. ಅದು ನಿಲ್ಲುವ ಪೈಕಿ ಅಲ್ಲ, ಒಡೆದು ಅಮೀನ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ. ಜೊತೆಗೆ ಶಾಖ. ಆ ಅಮೀನ್‌ನ ನೈಟ್ರೋಜನ್ ಮೇಲೆ ಮತ್ತೊಂದು ಒಂಟಿ ಜೋಡಿ ಇದೆ, ಅದು ನೀರಿಗಿಂತ ಚುರುಕು. ಅದು ಇನ್ನೊಂದು ಐಸೊಸೈನೇಟ್ ಮೇಲೆ ಬಿದ್ದು ಯೂರಿಯಾ ಬಂಧ ಮಾಡುತ್ತೆ. ಮತ್ತೆ ಶಾಖ.

ನೀವು ಕೂತಿರುವ ಫೋಮ್ ಸೀಟು, ಮಲಗುವ ಫೋಮ್ ಹಾಸಿಗೆ ತಯಾರಾಗುವಾಗ ಇದೇ ನಡೆಯುತ್ತೆ. ಪಾಲಿಯುರಿಥೇನ್ ಮಾಡುವಾಗ ಅಳೆದು ಸ್ವಲ್ಪ ನೀರು ಸೇರಿಸುತ್ತಾರೆ. ಹೊರಬರುವ ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳೇ ಇಡ್ಲಿ ಹಿಟ್ಟು ಉಬ್ಬಿದ ಹಾಗೆ ಅದನ್ನು ಉಬ್ಬಿಸಿ ಸ್ಪಂಜಿನಂತೆ ಮಾಡುತ್ತವೆ.

ಇದೇ ಕಾರ್ಬನ್‌ಗೆ ನೀರಿನ ಬದಲು 1-ನ್ಯಾಫ್ತಾಲ್‌ನ ಆಕ್ಸಿಜನ್‌ನಿಂದ ಬಾಣ ಬಿಡಿ. ಐಸೊಸೈನೇಟ್ ಕಡೆ ಮೀಥೈಲ್ ಐಸೊಸೈನೇಟ್ ಇದ್ದರೆ ಸಿಗುವುದು ಕಾರ್ಬರಿಲ್ ಎಂಬ ಕೀಟನಾಶಕ, ಮಾರುಕಟ್ಟೆಯ ಹೆಸರು ಸೆವಿನ್. ಭೋಪಾಲ್‌ನ ಯೂನಿಯನ್ ಕಾರ್ಬೈಡ್ ಕಾರ್ಖಾನೆ ತಯಾರಿಸುತ್ತಿದ್ದದ್ದು ಇದನ್ನೇ. ಅದಕ್ಕಾಗಿ ಮೀಥೈಲ್ ಐಸೊಸೈನೇಟನ್ನು ದೊಡ್ಡ ಟ್ಯಾಂಕುಗಳಲ್ಲಿ ಸಂಗ್ರಹಿಸಿಟ್ಟಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಸುಮಾರು 40 ಟನ್ ತುಂಬಿದ್ದ ಒಂದು ಟ್ಯಾಂಕಿಗೆ ನೀರು ಸೇರಿತು. ಹೇಗೆ ಸೇರಿತು ಎಂಬುದರ ಬಗ್ಗೆ ಕೋರ್ಟು, ಕಂಪನಿ, ತನಿಖೆಗಳ ನಡುವೆ ವಾದಗಳಿವೆ. ಸೇರಿದ ಮೇಲೆ ಏನಾಯಿತು ಎಂಬುದನ್ನು ಹೇಳಲು ಮೇಲಿನ ಬಾಣ ಸಾಕು. ನೀರಿನಿಂದ ಶಾಖ ಮತ್ತು ಗ್ಯಾಸ್, ಶಾಖದಿಂದ ರಿಯಾಕ್ಷನ್ ಇನ್ನೂ ಜೋರು, ಆ ಬಿಸಿಗೆ ಐಸೊಸೈನೇಟ್ ಅಣುಗಳು ತಮ್ಮತಮ್ಮಲ್ಲೇ ಮೂರು ಮೂರು ಸೇರಿಕೊಳ್ಳತೊಡಗಿದವು, ಅದರಿಂದ ಮತ್ತಷ್ಟು ಶಾಖ. ಮೀಥೈಲ್ ಐಸೊಸೈನೇಟ್ ಕುದಿಯುವುದು ಸುಮಾರು 39 ಡಿಗ್ರಿ ಸೆಲ್ಸಿಯಸ್‌ಗೆ. ಟ್ಯಾಂಕನ್ನು ತಣ್ಣಗಿಡಬೇಕಾಗಿದ್ದ ರೆಫ್ರಿಜರೇಶನ್ ವ್ಯವಸ್ಥೆಯನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲ ಊರಿನ ಮೇಲೆ ಹರಡಿ ಸಾವಿರಾರು ಜನ ಸತ್ತರು. ಬದುಕಿದವರಲ್ಲಿ ಎಷ್ಟೋ ಜನರ ಕಣ್ಣು, ಶ್ವಾಸಕೋಶ ಹಾಳಾದವು.

ಅಷ್ಟು ಜನರ ಸಾವನ್ನು ಪರೀಕ್ಷೆಯ ಉದಾಹರಣೆಯಾಗಿ ಹಗುರ ಮಾಡುವ ಉದ್ದೇಶ ನಮಗಿಲ್ಲ. ಅಲ್ಲಿ ಸೋತದ್ದು ಕೆಮಿಸ್ಟ್ರಿ ಜ್ಞಾನ ಮಾತ್ರ ಅಂತಲೂ ಹೇಳುತ್ತಿಲ್ಲ. ಖರ್ಚು ಉಳಿಸುವ ನಿರ್ಧಾರಗಳು, ಕೆಲಸ ಮಾಡದ ಸುರಕ್ಷತಾ ಸಾಧನಗಳು, ಪಕ್ಕದಲ್ಲೇ ಬೆಳೆದಿದ್ದ ಬಸ್ತಿಗಳು, ಎಲ್ಲವೂ ಸೇರಿದ್ದವು. ಆದರೆ ಮುಂದೆ ನಮ್ಮಲ್ಲಿ ಕೆಲವರು ಮಂಗಳೂರಲ್ಲೋ ವಾಪಿಯಲ್ಲೋ ಪ್ಲಾಂಟಿನ ಶಿಫ್ಟ್ ನೋಡಿಕೊಳ್ಳುತ್ತೇವೆ. ಪೈಪ್ ತೊಳೆಯಲು ನೀರು ಬಿಡಲೇ ಅಂತ ಯಾರೋ ಕೇಳುತ್ತಾರೆ. ಪಕ್ಕದ ಟ್ಯಾಂಕಿನಲ್ಲಿರುವ ಅಣುವಿನಲ್ಲಿ ಹಸಿದ ಕಾರ್ಬನ್ ಎಲ್ಲಿದೆ ಅಂತ ಆಗ ಕಣ್ಣಿಗೆ ಕಾಣಬೇಕು. ಬಾಯಿಪಾಠ ಮಾಡಿದ ಪಟ್ಟಿಯಲ್ಲಿ ಆ ಅಣು ಇರುತ್ತೆ ಅನ್ನುವ ಖಾತ್ರಿ ಇಲ್ಲ.

ಮಗ್ಗಿ ಮಾತ್ರ ಬೇಕು

ಹಾಗಂತ ಏನನ್ನೂ ನೆನಪಿಡಬೇಡಿ ಅಂತಲ್ಲ. ಮಗ್ಗಿ ಬರದವರಿಗೆ ಭಾಗಾಕಾರ ಬರಲ್ಲ. ಫಂಕ್ಷನಲ್ ಗ್ರೂಪ್‌ಗಳನ್ನು ನೋಡಿದ ತಕ್ಷಣ ಗುರುತಿಸಬೇಕು, ಹೆಸರಿಡುವ ನಿಯಮ ಬರಬೇಕು, ಒಂದು 30 ರಿಯೇಜೆಂಟ್ ಏನು ಮಾಡುತ್ತವೆ ಅಂತ ಗೊತ್ತಿರಬೇಕು. ಇದಕ್ಕೆ ಚೀಟಿ ಮಾಡಿಕೊಂಡು ಬಸ್ಸಿನಲ್ಲಿ ತಿರುವಿ ಹಾಕಿದರೂ ನಡೆಯುತ್ತೆ.

ಆದರೆ ಒಂದು ಪಟ್ಟಿಯನ್ನು ಮಾತ್ರ ಎದೆಗೆ ಅಂಟಿಸಿಕೊಳ್ಳಿ ಅಂತ ಹಟ ಹಿಡಿದು ಹೇಳುತ್ತೇವೆ: ಪಿಕೆಎ. ಹತ್ತು ಸಂಖ್ಯೆ ಸಾಕು. ಅಸಿಟಿಕ್ ಆಸಿಡ್ ಸುಮಾರು 4.8, ಅಮೋನಿಯಂ 9.2, ಫೀನಾಲ್ 10, ನೀರು 15.7, ಎಥನಾಲ್ 16, ಅಸಿಟೋನ್‌ನ ಆಲ್ಫಾ ಹೈಡ್ರೋಜನ್ ಸುಮಾರು 20, ತುದಿಯ ಆಲ್ಕೈನ್ 25, ಅಮೋನಿಯಾ 35ರ ಮೇಲೆ, ಆಲ್ಕೇನ್ 50ರ ಹತ್ತಿರ. ಇದರ ಜೊತೆ ಹೈಡ್ರೋಕ್ಲೋರಿಕ್ ಆಸಿಡ್ ಸೊನ್ನೆಗಿಂತ ಬಹಳ ಕೆಳಗೆ, ಮೈನಸ್ 7ರ ಸುಮಾರು. ಪ್ರೋಟಾನ್ ಯಾರಿಂದ ಯಾರಿಗೆ ಹೋಗುತ್ತೆ ಅನ್ನುವ ಪ್ರಶ್ನೆ ಬಂದಾಗಲೆಲ್ಲ ಈ ಪಟ್ಟಿ ತೀರ್ಪು ಹೇಳುತ್ತೆ. ಸೋಡಿಯಂ ಹೈಡ್ರಾಕ್ಸೈಡ್ ಫೀನಾಲ್‌ನಿಂದ ಪ್ರೋಟಾನ್ ಕೀಳಬಲ್ಲುದೇ? ಕಿತ್ತುಕೊಂಡರೆ ನೀರಾಗುತ್ತೆ. ನೀರು 15.7, ಫೀನಾಲ್ 10, ಸುಮಾರು ಆರು ಮೆಟ್ಟಿಲ ಅಂತರ, ಪ್ರತಿ ಮೆಟ್ಟಿಲಿಗೂ ಹತ್ತು ಪಟ್ಟು. ಆರಾಮಾಗಿ ಕೀಳುತ್ತೆ. ತುದಿಯ ಆಲ್ಕೈನ್‌ನಿಂದ? ಅದು 25. ಆಗಲ್ಲ. ಅದಕ್ಕೇ ಪುಸ್ತಕದಲ್ಲಿ ಅಲ್ಲಿ ಸೋಡಮೈಡ್ ಬರುತ್ತೆ. ಪಿಯುಸಿಯಲ್ಲಿ "ಇಲ್ಲಿ ಸೋಡಮೈಡ್" ಅಂತ ಪ್ರತ್ಯೇಕವಾಗಿ ಉರು ಹೊಡೆದದ್ದು ಇಲ್ಲಿ ಒಂದು ವ್ಯವಕಲನ.

ಮೂರು ಆಯಾಮ ಇನ್ನೊಂದು ತೊಡಕು. ಬೋರ್ಡಿನ ಮೇಲೆ ಎಲ್ಲ ಚಪ್ಪಟೆ. ಆದರೆ ಸ್ಪಿಯರ್‌ಮಿಂಟ್ ಜಾತಿಯ ಪುದೀನದ ವಾಸನೆಗೂ ಸಬ್ಬಸಿಗೆ ಬೀಜದ ವಾಸನೆಗೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ರಚನೆಯ ಅಣು. ಒಂದರಲ್ಲಿರುವುದು ಇನ್ನೊಂದರ ಕನ್ನಡಿ ಬಿಂಬ, ಎಡಗೈ-ಬಲಗೈ ಹಾಗೆ. ಮೂಗಿಗೆ ಗೊತ್ತಾಗುವ ವ್ಯತ್ಯಾಸ ಕಾಗದದ ಮೇಲೆ ಒಂದು ದಪ್ಪ ಗೆರೆ, ಒಂದು ಚುಕ್ಕಿ ಗೆರೆ. ಮಾಡೆಲ್ ಕಿಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೆಸ್ಸಿನಿಂದ ಚಪಾತಿ ಹಿಟ್ಟು ತಂದು ಉಂಡೆ ಮಾಡಿ ಕಡ್ಡಿ ಚುಚ್ಚಿ. ನಗಬೇಡಿ, ಸೈಕ್ಲೊಹೆಕ್ಸೇನ್‌ನ ಕುರ್ಚಿ ಆಕಾರ ಕೈಯಲ್ಲಿ ತಿರುಗಿಸಿ ನೋಡದೆ ಅರ್ಥವಾದವರು ಕಡಿಮೆ.

ವಾರ ಹೇಗೆ ಕಳೆಯಬೇಕು

ಭಾನುವಾರ ಐದು ಗಂಟೆ ಕೂರುವುದಕ್ಕಿಂತ ದಿನಾ 40 ನಿಮಿಷ ಮೇಲು. ಇದನ್ನು ಎಲ್ಲ ಸಬ್ಜೆಕ್ಟಿಗೂ ಹೇಳ್ತಾರೆ, ಆದರೆ ಆರ್ಗ್ಯಾನಿಕ್‌ನಲ್ಲಿ ಪಾಠಗಳು ಇಟ್ಟಿಗೆ ಥರ ಒಂದರ ಮೇಲೊಂದು ಕೂರುತ್ತವೆ. ಆಸಿಡ್-ಬೇಸ್ ಗೊತ್ತಿಲ್ಲದೆ ಎಸ್‌ಎನ್1, ಎಸ್‌ಎನ್2 ಕೂರಲ್ಲ, ಅವಿಲ್ಲದೆ ಎಲಿಮಿನೇಶನ್ ಕೂರಲ್ಲ, ಕಾರ್ಬೊನಿಲ್ ಬರುವಷ್ಟರಲ್ಲಿ ಗೋಡೆ ವಾಲಿರುತ್ತೆ.

ಕ್ಲಾಸಿಗೆ ಮುಂಚೆ ಹತ್ತು ನಿಮಿಷ ಪುಟ ತಿರುವಿ, ಚಿತ್ರಗಳನ್ನಷ್ಟೇ ನೋಡಿ. ಮುಖ್ಯವಾದದ್ದು ಅದೇ ದಿನ ಸಂಜೆಯ ಕೆಲಸ. ನೋಟ್ಸ್ ಮುಚ್ಚಿಡಿ. ಖಾಲಿ ಹಾಳೆ ತಗೊಂಡು ಬೆಳಿಗ್ಗೆ ಬೋರ್ಡಿನಲ್ಲಿ ಬಂದ ಮೆಕ್ಯಾನಿಸಮ್‌ಗಳನ್ನು ಬಾಣ ಸಮೇತ ಬರೆಯಿರಿ. ಸಿಕ್ಕಿಹಾಕಿಕೊಂಡ ಕಡೆ ಒಂದು ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಿ. ಪೂರ್ತಿ ಮುಗಿದ ಮೇಲೆ ಮಾತ್ರ ನೋಟ್ಸ್ ತೆರೆದು ಬೇರೆ ಬಣ್ಣದ ಪೆನ್ನಿನಿಂದ ತಿದ್ದಿ. ಆ ಬೇರೆ ಬಣ್ಣ ಇರುವ ಕಡೆಗಳೇ ನಿಮ್ಮ ನಿಜವಾದ ಸಿಲಬಸ್. ನೋಟ್ಸನ್ನು ಮತ್ತೆ ಮತ್ತೆ ಓದುವುದು, ಹೈಲೈಟರ್ ಬಳಿಯುವುದು ಹಿತವಾಗಿರುತ್ತೆ. ಎಲ್ಲ ಗೊತ್ತಿದೆ ಅನ್ನಿಸುತ್ತೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದರು. ವಿದ್ಯಾರ್ಥಿಗಳು ಒಂದು ಗದ್ಯಭಾಗ ಓದಿದ ಮೇಲೆ ಒಂದು ಕಡೆ ಅದನ್ನೇ ಇನ್ನೊಮ್ಮೆ ಓದಿಸಿದರು, ಇನ್ನೊಂದು ಕಡೆ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಸ್ವಲ್ಪ ಮುಂದಿತ್ತು. ವಾರ ಬಿಟ್ಟು ಕೇಳಿದಾಗ ಮತ್ತೆ ಓದಿದ್ದರಲ್ಲಿ ಶೇಕಡಾ 42ರಷ್ಟು ನೆನಪಿತ್ತು, ನೆನಪಿನಿಂದ ಬರೆದದ್ದರಲ್ಲಿ ಶೇಕಡಾ 56ರಷ್ಟು. ಅದು ಗದ್ಯ, ಕೆಮಿಸ್ಟ್ರಿ ಅಲ್ಲ. ಆದರೂ ಪರೀಕ್ಷೆ ಐದು ನಿಮಿಷದ ನಂತರ ಇರಲ್ಲವಲ್ಲ.

ಇದೇ ಕಾರಣಕ್ಕೆ ಯೂಟ್ಯೂಬ್ ಬಗ್ಗೆ ಎರಡು ಮಾತು. ಒಳ್ಳೆಯ ಪಾಠಗಳಿವೆ, ನೋಡಿ. ಆದರೆ ಎರಡು ಪಟ್ಟು ವೇಗದಲ್ಲಿ ಮಲಗಿಕೊಂಡು ನೋಡಿದ ಮೆಕ್ಯಾನಿಸಮ್ ಬೇರೆಯವರು ಈಜುವುದನ್ನು ನೋಡಿದ ಹಾಗೆ. ಬಾಣ ಬರೆಯುವ ಮೊದಲು ವಿಡಿಯೋ ನಿಲ್ಲಿಸಿ, ನೀವೇ ಬರೆದು, ಆಮೇಲೆ ಮುಂದುವರಿಸಿ. ಸಲ್ಯೂಶನ್ ಮ್ಯಾನ್ಯುಯಲ್‌ನ ಪಿಡಿಎಫ್‌ಗೂ ಇದೇ ನಿಯಮ. ಪ್ರಶ್ನೆ ಹಿಡಿದು ಹತ್ತು ನಿಮಿಷ ಒದ್ದಾಡದೆ ಉತ್ತರ ನೋಡಿದರೆ ಆ ಪ್ರಶ್ನೆ ಹಾಳಾಯಿತು ಅಂತಲೇ ಲೆಕ್ಕ.

ಪುಸ್ತಕ ಒಂದೇ ಇರಲಿ. ಲೈಬ್ರರಿಯಲ್ಲಿ ಮಾರಿಸನ್-ಬಾಯ್ಡ್ ಸಿಗುತ್ತೆ, ಕ್ಲೇಡನ್ ಸಿಕ್ಕರೆ ಬಾಣ ಕಲಿಯಲು ನಮಗೆ ಅದೇ ಇಷ್ಟ. ದಪ್ಪ ನೋಡಿ ಹೆದರಬೇಡಿ, ಪೂರ್ತಿ ಓದಲು ಯಾರೂ ಹೇಳುತ್ತಿಲ್ಲ. ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯುವ ಸಂಪ್ರದಾಯದ ಬಗ್ಗೆ ನಾವು ಹೇಳಿ ಪ್ರಯೋಜನವಿಲ್ಲ. ಕನಿಷ್ಠ ಬಣ್ಣ ಬದಲಾದಾಗ ಯಾವ ಬಂಧ ಮುರಿಯಿತು ಅಂತ ಒಂದು ಸಲ ಕೇಳಿಕೊಳ್ಳಿ.

ಕನ್ನಡದಲ್ಲಿ ಹೇಳಿ ನೋಡಿ

ಇದು ಕನ್ನಡ ಸಂಘದ ಪತ್ರಿಕೆ ಅನ್ನೋ ಕಾರಣಕ್ಕೆ ಹೇಳುತ್ತಿರುವ ಮಾತಲ್ಲ. ಮೂರ್ನಾಲ್ಕು ಜನ ಕೂತು ಓದುವಾಗ ಒಬ್ಬರು ಮೆಕ್ಯಾನಿಸಮನ್ನು ಕನ್ನಡದಲ್ಲಿ ಬಾಯಿಬಿಟ್ಟು ವಿವರಿಸಿದರೆ ಯಾರಿಗೆ ಅರ್ಥವಾಗಿದೆ, ಯಾರಿಗಿಲ್ಲ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ. ಇಂಗ್ಲಿಷಿನಲ್ಲಾದರೆ "ನ್ಯೂಕ್ಲಿಯೊಫಿಲಿಕ್ ಅಟ್ಯಾಕ್ ಟೇಕ್ಸ್ ಪ್ಲೇಸ್" ಅಂತ ಹೇಳಿ ಮುಗಿಸಿಬಿಡಬಹುದು. ಪುಸ್ತಕದ ವಾಕ್ಯ ರೆಡಿಯಾಗಿ ಸಿಗುತ್ತೆ, ಅದರ ಹಿಂದೆ ಅವಿತುಕೊಳ್ಳಬಹುದು. ಕನ್ನಡದಲ್ಲಿ ಅಂಥ ರೆಡಿಮೇಡ್ ವಾಕ್ಯ ನಮ್ಮ ಹತ್ತಿರ ಇಲ್ಲ. "ಈ ಆಕ್ಸಿಜನ್ ಹತ್ರ ಒಂದು ಜೋಡಿ ಸುಮ್ನೆ ಕೂತಿದೆ, ಆ ಕಾರ್ಬನ್‌ಗೆ ಬ್ರೋಮಿನ್ ಎಳೆದೂ ಎಳೆದೂ ಕೊರತೆ ಆಗಿದೆ, ಅದಕ್ಕೆ ಇದು ಹಿಂದಿನಿಂದ ಬಂದು ಹಿಡ್ಕೊಳುತ್ತೆ, ಬ್ರೋಮಿನ್ ಜೋಡಿ ಎತ್ಕೊಂಡು ಹೊರಡುತ್ತೆ." ಹೀಗೆ ಹೇಳಬೇಕಾದರೆ ಪ್ರತಿ ಬಾಣವೂ ಕಣ್ಣ ಮುಂದೆ ಬರಲೇಬೇಕು. ನಡುವೆ ಯಾರಾದರೂ "ಹಿಂದಿನಿಂದನೇ ಯಾಕೆ?" ಅಂತ ಕೇಳಿದರೆ ಇನ್ನೂ ಒಳ್ಳೆಯದು.

ಕನ್ನಡ ಮಾಧ್ಯಮದಿಂದ ಬಂದವರು ಮೊದಲ ವರ್ಷ ಇಂಗ್ಲಿಷ್ ಭಾರಕ್ಕೆ ಹಿಂದಿನ ಬೆಂಚು ಹಿಡಿದಿರುತ್ತಾರೆ. ಆರ್ಗ್ಯಾನಿಕ್‌ನಲ್ಲಿ ಅವರಿಗೆ ಒಂದು ಅನುಕೂಲ ಇದೆ, ಉತ್ತರದ ಮುಕ್ಕಾಲು ಭಾಗ ಚಿತ್ರ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಅದನ್ನೇ ಮೂರು ನಾಲ್ಕು ಸಾಲಿನ ಇಂಗ್ಲಿಷಿನಲ್ಲಿ ಒಮ್ಮೆ ಬರೆದು ಅಭ್ಯಾಸ ಮಾಡಿ. ಉತ್ತರ ಪತ್ರಿಕೆ ಇಂಗ್ಲಿಷಿನಲ್ಲೇ ಇರಬೇಕಲ್ಲ.

ಕೊನೆಗೆ ಮೊದಲ ಇಂಟರ್ನಲ್ ಬಗ್ಗೆ. ಪ್ರತಿ ಸಲವೂ ಅದರಲ್ಲಿ ಕಡಿಮೆ ಬಂದವರು "ಇದು ನನ್ನ ಕೈಲಾಗಲ್ಲ" ಅಂತ ತೀರ್ಮಾನಿಸಿ ಕ್ಲಾಸು ಬಿಡುವುದನ್ನು ನೋಡುತ್ತೇವೆ. ಬಿಡಬೇಡಿ. ಉತ್ತರ ಪತ್ರಿಕೆ ಕೈಗೆ ಬಂದಾಗ ಅಂಕ ನೋಡಿ ಮಡಚಿಡದೆ, ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಕಾರಣ ಬರೆಯಿರಿ. ಗುಂಪು ಗುರುತಿಸಲಿಲ್ಲವೋ, ಬಾಣ ತಪ್ಪಿತೋ, ರಿಯೇಜೆಂಟ್ ಮರೆತಿತೋ, ಸಮಯ ಸಾಲಲಿಲ್ಲವೋ. ಮರೆತದ್ದಾದರೆ ವಾರದ ಕೆಲಸ. ಬಾಣ ತಪ್ಪಿದ್ದರೆ ಈಗ ನಡೆಯುತ್ತಿರುವ ಪಾಠವನ್ನು ಬೆನ್ನಟ್ಟುವುದರ ಜೊತೆಗೆ ಹಿಂದೆ ಹೋಗಿ ಆಸಿಡ್-ಬೇಸ್ ಮತ್ತು ರೆಸೊನೆನ್ಸ್‌ನಿಂದ ಶುರು ಮಾಡಿ. ದಿನಕ್ಕೆ ನಾಲ್ಕು ಪ್ರಶ್ನೆ, ಎರಡು ವಾರ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಉತ್ತರ ಉರು ಹೊಡೆಯಲು ಬಳಸಬೇಡಿ. ಗಡಿಯಾರ ಇಟ್ಟು ಬರೆಯಲು ಬಳಸಿ. ಪರೀಕ್ಷೆಯಲ್ಲಿ ಉತ್ಪನ್ನ ಹೊಳೆಯದಿದ್ದರೂ ಒಂಟಿ ಜೋಡಿಗಳನ್ನು, ಕೊರತೆ ಇರುವ ಕಾರ್ಬನ್ನನ್ನು ಗುರುತು ಮಾಡಿ ಮೊದಲ ಬಾಣವನ್ನಾದರೂ ಬರೆಯಿರಿ. ಹೆಜ್ಜೆಗೆ ಅಂಕ ಇರುತ್ತೆ.

ಇವತ್ತೇ ಹಾಳೆ ತಗೊಳ್ಳಿ. ಐಸೊಸೈನೇಟ್ ಮೇಲೆ ನೀರು ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಬರುತ್ತೆ ಅಂತ ಮೇಲೆ ನೋಡಿದಿರಿ. ನ್ಯಾಫ್ತಾಲ್ ಬಿದ್ದರೆ ಬರಲ್ಲ, ಕಾರ್ಬರಿಲ್ ಆಗಿ ನಿಂತುಬಿಡುತ್ತೆ. ಎರಡರಲ್ಲೂ ಬಾಣ ಹೊರಟಿದ್ದು ಒಂದು ಹೈಡ್ರೋಜನ್ ಹೊತ್ತ ಆಕ್ಸಿಜನ್‌ನಿಂದಲೇ, ಬಿದ್ದದ್ದು ಅದೇ ಕಾರ್ಬನ್ ಮೇಲೆ. ಹಾಗಾದರೆ ಒಂದು ಒಡೆದು ಇನ್ನೊಂದು ಯಾಕೆ ನಿಂತಿತು? ಎರಡೂ ಮಧ್ಯಂತರಗಳನ್ನು ಪಕ್ಕಪಕ್ಕ ಬರೆದು, ನೀರಿನದ್ದರಲ್ಲಿ ಕೊನೆಗೆ ಉಳಿದ ಆ ಇನ್ನೊಂದು ಹೈಡ್ರೋಜನ್ ಎಲ್ಲಿದೆ ಅಂತ ಹುಡುಕಿ. ಹತ್ತು ನಿಮಿಷ ಸಾಕು.